ಎರಡನೆಯ ಅರ್ಥಕ್ಕೊಂದು ಉದಾಹರಣೆ

‘ಮಾಗು’ ಎಂಬ ಕ್ರಿಯಾಪದದ ಮೊದಲ ಅರ್ಥ ಹಣ್ಣಿನದು. ಅದರ ಕೆಲಸ ಎಂದೋ ಮುಗಿದಿತ್ತು. ಎರಡನೆಯದು ಮನುಷ್ಯರದು: ವಯಸ್ಸಿನಿಂದ, ಅನುಭವದಿಂದ ಸ್ವಭಾವ ಹದಗೊಳ್ಳುವುದು. ಇದಕ್ಕೊಂದು ಉದಾಹರಣೆ ವಾಕ್ಯವನ್ನು ಸಂಜೆಯೊಳಗೆ ತಂದುಕೊಟ್ಟರೆ ನಿಘಂಟು ಕಚೇರಿಯಲ್ಲಿ ಹಂಗಾಮಿ ಸಹಾಯಕನಾಗಿದ್ದ ಅವನ ಕೆಲಸ ಖಾಯಂ ಎಂದು ಸಂಪಾದಕರು ಮಾತು ಕೊಟ್ಟಿದ್ದರು.

ಕೂತು ಬರೆಯುವಂತಿದ್ದರೆ ಕಾಫಿ ಆರುವುದರೊಳಗೆ ಬರೆದುಬಿಡುತ್ತಿದ್ದ. ಆದರೆ ಆ ಕಚೇರಿಯಲ್ಲಿ ಉದಾಹರಣೆ ಹೊಸೆಯುವಂತಿರಲಿಲ್ಲ. ಜೀವಂತ ಮನುಷ್ಯನೊಬ್ಬ ಇನ್ನೊಬ್ಬನ ಬಗ್ಗೆ ತಾನಾಗಿ ಆಡಿದ ಮಾತಾಗಿರಬೇಕು. ಪದವನ್ನು ಬಾಯಿಗೆ ತುರುಕಿ ಹೇಳಿಸಿದ್ದಾಗಿರಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಅದು ನಿಜವಾಗಿರಬೇಕು. ಸುಳ್ಳು ಉದಾಹರಣೆಯ ನಿಘಂಟು ನೀರು ಬೆರೆಸಿದ ಹಾಲಿಗಿಂತ ಕಡೆ ಎನ್ನುವುದು ಸಂಪಾದಕರ ನಂಬಿಕೆ.

ಬೀದಿಯವರು ಅವನನ್ನು ಪದಾರ್ಥ ಎಂದೇ ಕರೆಯುತ್ತಿದ್ದರು. ಪದಾರ್ಥನಿಗೆ ಬೆಳಿಗ್ಗೆ ಚಿಂತೆಯೇನೂ ಇರಲಿಲ್ಲ. ಪಕ್ಕದ ಮನೆಯಲ್ಲೇ ನಿವೃತ್ತ ಡ್ರಿಲ್ ಮೇಷ್ಟ್ರಿದ್ದರಲ್ಲ. ಒಂದು ಕಾಲದಲ್ಲಿ ಅವರ ಅಂಗಳಕ್ಕೆ ಬಿದ್ದ ಚೆಂಡು ಚಾಕುವಿನ ಪಾಲು. ಈಗ ಅದೇ ಮನುಷ್ಯ ಚೆಂಡಿನ ಮಣ್ಣು ಒರೆಸಿ, ಗಾಳಿ ಕಡಿಮೆಯಿದ್ದರೆ ಪಂಪು ಹೊಡೆದು, ಗೋಡೆಯಾಚೆ ಮೆಲ್ಲಗೆ ದಾಟಿಸುತ್ತಿದ್ದರು. ಅವರನ್ನು ಮೆಚ್ಚದವರು ಬೀದಿಯಲ್ಲೇ ಇರಲಿಲ್ಲ. ಇಂಥ ಬದಲಾವಣೆಗೆ ಬೇರೆ ಯಾವ ಪದ ತಾನೇ ಇದ್ದೀತು?

ಬೇಕಾದಷ್ಟಿತ್ತು.

ಮೇಷ್ಟ್ರು ಮೊದಲಿನ ಹಾಗಿಲ್ಲ ಅಲ್ಲವೇ ಎಂದು ಇಸ್ತ್ರಿಯವನನ್ನು ಮಾತಿಗೆಳೆದ. ಪೂರ್ತಿ ತಣ್ಣಗಾಗಿದ್ದಾರೆ ಎಂದ ಅವನು. ಮಹಡಿಮನೆಯ ಅತ್ತೆ, ಮೆತ್ತಗಾಗಿದ್ದಾರೆ ಎಂದರು. ಔಷಧಿ ಅಂಗಡಿಯವನು ಪಳಗಿದ್ದಾರೆ ಎಂದ. ಪದಾರ್ಥ ಮನೆಗೆ ಬಂದು ಹೆಂಡತಿಯನ್ನು ಕೇಳಿದ.

“ಸುಧಾರಿಸಿದ್ದಾರೆ. ನೀವು ಯಾವಾಗ?” ಎಂದಳು ಅವಳು.

ಬೇಕಾದ ಪದ ಒದ್ದೆ ಸೋಪಿನಂತೆ ಎಲ್ಲರ ಬಾಯಿಂದ ಜಾರಿಕೊಳ್ಳುತ್ತಿತ್ತು. ಹಾಗಿದ್ದೂ ಪದಾರ್ಥನಿಗೆ ಒಳಗೊಳಗೇ ಖುಷಿ. ಒಬ್ಬರ ಮಾತಿನಲ್ಲಿ ಮೇಷ್ಟ್ರು ಆರಿದ ಒಲೆ, ಇನ್ನೊಬ್ಬರಲ್ಲಿ ನೆನೆದ ಚರ್ಮ, ಮತ್ತೊಬ್ಬರಲ್ಲಿ ಆನೆ. ಒಬ್ಬ ಮುದುಕನನ್ನು ಇಷ್ಟು ಬಗೆಯಲ್ಲಿ ಕಾಣಬಲ್ಲ ಭಾಷೆಗೆ ದುಡಿಯುವುದೇ ಪುಣ್ಯ ಎನಿಸಿತು. ಪುಣ್ಯದ ಜೊತೆ ಕೆಲಸವೂ ಖಾಯಂ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಅಷ್ಟರಲ್ಲಿ ಬೀದಿ ಲೆಕ್ಕ ಹಾಕಿತ್ತು. ಪದಾರ್ಥ ಮೇಷ್ಟ್ರ ವಿಷಯವನ್ನೇ ಕೆದಕುತ್ತಿದ್ದಾನೆ. ಔಷಧಿ ಅಂಗಡಿಗೂ ಹೋಗಿ ಬಂದಿದ್ದಾನೆ. ಅಂದರೆ ಮೇಷ್ಟ್ರಿಗೆ ಹೇಳಲಾಗದ ಕಾಯಿಲೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಫ್ಲಾಸ್ಕಿನಲ್ಲಿ ಬಿಸಿ ಹಾಲು ತಂದರು. ಔಷಧಿ ಅಂಗಡಿಯವನು ನಾಡಿ ಹಿಡಿದ. ಇಸ್ತ್ರಿಯವನು ಕೊನೆಯ ಸಲ ನೋಡುವವನಂತೆ ಮೇಷ್ಟ್ರ ಕಾಲ ಬಳಿ ನಿಂತು ಕಣ್ಣೊರೆಸಿಕೊಂಡ.

“ನಾನು ಸಾಯ್ತಿದೀನಿ ಅಂತ ಯಾವನಯ್ಯಾ ಹೇಳಿದ್ದು?”

ವರ್ಷಗಳಿಂದ ಕೇಳದ ಆ ಗರ್ಜನೆಗೆ ಕಿಟಕಿಯ ಗಾಜುಗಳು ಅದುರಿದವು. ಪದಾರ್ಥನ ಎದೆ ಒಡೆಯಿತು. ಇಷ್ಟು ವರ್ಷ ಹದಗೊಂಡ ಮನುಷ್ಯನನ್ನು ಅವನು ಒಂದೇ ದಿನದಲ್ಲಿ ಮತ್ತೆ ಹಸಿ ಮಾಡಿಬಿಟ್ಟಿದ್ದ. ಎಲ್ಲರ ಬೆರಳು ತನ್ನತ್ತ ತಿರುಗುವ ಮೊದಲೇ ಕಚೇರಿಗೆ ಓಡಿದ. ಫ್ಲಾಸ್ಕ್ ಕೈಯಲ್ಲೇ ಹಿಡಿದು ಮೇಷ್ಟ್ರೂ ಹಿಂದೆಯೇ ಬಂದರು.

ಯಾಕೆ ಹೀಗೆ ಮಾಡಿದೆ ಎಂದು ಮೇಷ್ಟ್ರು ಕೇಳಿದಾಗ ಪದಾರ್ಥ ಬಾಯಿ ಬಿಡಲಿಲ್ಲ. ಕಾರಣ ಹೇಳಿದರೆ ಪದ ಹೊರಬೀಳುತ್ತದೆ, ಆಮೇಲೆ ಮೇಷ್ಟ್ರು ಅದನ್ನಾಡಿದರೂ ತಾನಾಗಿ ಆಡಿದ್ದಾಗುವುದಿಲ್ಲ. ತುಟಿ ಕಚ್ಚಿ ಕಂಬದಂತೆ ನಿಂತ. ಅವಮಾನದಿಂದ ಕೆಂಪಾದ ಸಂಪಾದಕರು, ಇವನನ್ನು ಈಗಲೇ ಮನೆಗೆ ಕಳಿಸುತ್ತೇನೆ ಎಂದರು.

ಮೇಷ್ಟ್ರು ಅವನ ಮುಖವನ್ನೇ ನೋಡಿದರು. ಉಸಿರು ನಿಧಾನವಾಯಿತು. ಕುರ್ಚಿ ಎಳೆದು ಅವನನ್ನು ಕೂರಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಹಾಲು ಬಗ್ಗಿಸಿ ಕೈಗಿಟ್ಟರು.

“ತೆಗೀಬೇಡಿ ಸಾರ್. ತಲೆ ಇದೆ, ಶ್ರದ್ಧೆ ಇದೆ. ಇನ್ನೂ ಮಾಗಿಲ್ಲ, ಅಷ್ಟೆ.”

ಹಾಲು ಚೆಲ್ಲಿಕೊಂಡು ಎದ್ದು ನಿಂತ ಪದಾರ್ಥ. ಸಂಪಾದಕರು ಆಗಲೇ ಬರೆದುಕೊಳ್ಳುತ್ತಿದ್ದರು. ಅವರ ಕಣ್ಣು ತುಂಬಿತ್ತು. ಎಂಥ ವಾಕ್ಯ, ಒಂದಕ್ಷರ ತೆಗೆಯುವ ಹಾಗಿಲ್ಲ ಎಂದರು.

“ಹಾಗಾದ್ರೆ ನಾನು ಖಾಯಂ ಅಲ್ವಾ ಸಾರ್?”

ಸಂಪಾದಕರು ಕನ್ನಡಕ ತೆಗೆದು, ಪ್ರೀತಿಯಿಂದಲೇ ಅವನ ಹೆಗಲ ಮೇಲೆ ಕೈಯಿಟ್ಟರು.

“ಹೇಗಪ್ಪಾ ಮಾಡ್ಲಿ? ಖಾಯಂ ಮಾಡಿದ್ರೆ ನೀನು ಮಾಗಿದೀಯ ಅಂತ ನಾನೇ ಸಹಿ ಹಾಕಿದ ಹಾಗಾಗುತ್ತೆ. ಉದಾಹರಣೆ ಸುಳ್ಳಾಗಲ್ವಾ? ನಿಘಂಟು ಅಚ್ಚಾಗೋವರೆಗೂ ಹೀಗೇ ಇರು.”

ಮೇಷ್ಟ್ರು ಗಂಭೀರವಾಗಿ ತಲೆದೂಗಿದರು. ನಿಘಂಟಿನ ಕೆಲಸ ಇನ್ನೂ ‘ಮ’ದಲ್ಲಿತ್ತು, ಅಚ್ಚಿಗೆ ಹೋಗುವುದು ‘ಳ’ ಮುಗಿದ ಮೇಲೆ.