ಕೊಡೆಯವನು ಮತ್ತು ನನ್ನ ರಿಮೋಟು

ಧಾರಾವಾಹಿಯಲ್ಲಿ ಮುಂದೇನಾಗುತ್ತದೆ ಎಂದು ಮೊದಲೇ ಹೇಳಿಬಿಡುವ ಚಟ ಕೆಲವರಿಗಿರುತ್ತದೆ. ಅಂಥವರ ಪಕ್ಕ ಕೂತು ಟಿ.ವಿ. ನೋಡುವುದು ಒಂದು ಶಿಕ್ಷೆ. ನಮ್ಮ ಮನೆಯಲ್ಲಿ ಆ ಶಿಕ್ಷೆ ಕೊಡುವವಳು ನಾನು. ಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳೆಂಬ ಗೌರವಕ್ಕೋ ಏನೋ, ಕುಕ್ಕುಂದೂರಿನ ನೆರೆಹೊರೆಯವರು ಹಾಲು ತರಲು ಹೊರಟ ನನ್ನನ್ನು ತಡೆದು, "ಆ ಕೊಡೆಯವನು ಯಾರು ಟೀಚರೇ?" ಎಂದು ಕೇಳುತ್ತಿದ್ದರು.

ಕೊಡೆಯವನೆಂದರೆ ಏಳೂವರೆಯ ಧಾರಾವಾಹಿಯಲ್ಲಿ ನಾಯಕಿಯ ಗೇಟಿನೆದುರು ಕಪ್ಪು ಕೊಡೆ ಹಿಡಿದು ನಿಲ್ಲುವ ಮುದುಕ. ಮಾತಿಲ್ಲ, ಕತೆಯಿಲ್ಲ. ಅವನನ್ನು ಕಂಡಾಗಲೆಲ್ಲ ನಾಯಕಿ ಬೆಚ್ಚುತ್ತಾಳೆ, ಸಂಗೀತ ಗುಡುಗುತ್ತದೆ, ಜಾಹೀರಾತು ಬರುತ್ತದೆ. ಸತ್ತನೆಂದುಕೊಂಡ ಅವಳ ಅಪ್ಪನೇ ಅವನು ಎಂದು ನಾನು ತೀರ್ಪು ಕೊಟ್ಟಾಗಿತ್ತು.

ನಿಟ್ಟೆಯ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಮಗಳು ದೀಕ್ಷಾ ಓದಿಗಿಂತ ವಿಡಿಯೋ ಗೇಮಿನಲ್ಲೇ ಹೆಚ್ಚು ಪಳಗಿದವಳು. "ಅಪ್ಪನೂ ಅಲ್ಲ, ಎಂತದೂ ಅಲ್ಲ ಅಮ್ಮ. ಗೇಮಲ್ಲಿ ಇಂಥವರು ಊರಿಗೊಬ್ಬರು ಇರ್ತಾರೆ. ನಾವೇ ಹೋಗಿ ಮಾತಾಡಿಸ್ಬೇಕು, ಏನಾದ್ರೂ ಕೊಡ್ಬೇಕು. ಅಲ್ಲಿವರೆಗೆ ಬಾಯಿ ಬಿಡುವುದಿಲ್ಲ" ಎಂದಳು.

ಗೇಮನ್ನು ಜನ್ಮದಲ್ಲಿ ಮುಟ್ಟದ ನನ್ನ ಅತ್ತೆ ತಲೆದೂಗಿದರು. "ಹುಡುಗಿ ಹೇಳುವುದು ಸರಿ ಉಂಟು. ಬಾಗಿಲಿಗೆ ಬಂದವನಿಗೆ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಟ್ಟವರಿಲ್ಲ. ಯಾವ ಊರು, ಯಾರ ಮನೆ ಅಂತ ಕೇಳಿದವರಿಲ್ಲ. ಅವನು ಎಂತ ಮಾತಾಡುವುದು? ನಮ್ಮ ಎರ್ಮಾಳಿನಲ್ಲಾದರೆ ನೀರು ಕುಡಿದು ಮುಗಿಸುವುದರೊಳಗೆ ಅವನ ಅಜ್ಜನ ಹೆಸರೂ ಗೊತ್ತಾಗ್ತಿತ್ತು."

ನನಗೆ ಉರಿಯಿತು. "ಅವನು ಅಪ್ಪನಲ್ಲದಿದ್ದರೆ ಇನ್ನು ರಿಮೋಟು ನಿಮ್ಮಿಬ್ಬರಿಗೇ" ಎಂದುಬಿಟ್ಟೆ. ಮನೆಯಲ್ಲಿ ನನಗಿದ್ದ ಅಧಿಕಾರವೆಂದರೆ ಅದೊಂದೇ.

ಶುಕ್ರವಾರ ನಾಯಕಿ ಧೈರ್ಯ ಮಾಡಿ ಲೋಟ ಹಿಡಿದು ಗೇಟಿಗೆ ಹೋದಳು. ನಾನು ಸೆರಗಿನ ತುದಿ ಕಚ್ಚಿ ಕೂತೆ. ಮುದುಕ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಇದು ಡಾಕ್ಟರ ಮನೆ ಅಲ್ವಾ?" ಎಂದ. ಡಾಕ್ಟರದ್ದು ಪಕ್ಕದ ಮನೆ. ಪಾಪ, ಕೇಳೋಣವೆಂದರೆ ಇವನನ್ನು ಕಂಡೊಡನೆ ಎಲ್ಲರೂ ಬೆಚ್ಚಿ ಒಳಗೋಡುತ್ತಿದ್ದರಂತೆ. ಅತ್ತೆ ರಿಮೋಟಿಗೆ ಕೈ ಚಾಚಿದರು.

ಈಗ ಏಳೂವರೆಗೆ ನಮ್ಮ ಟಿ.ವಿ.ಯಲ್ಲಿ ಮಗಳ ಗೇಮು. ಅತ್ತೆ ಪಕ್ಕದಲ್ಲಿ ಕೂತು, "ಆ ಕಮ್ಮಾರನನ್ನು ಮಾತಾಡ್ಸು, ಈ ಮುದುಕಿಯನ್ನು ಬಿಡ್ಬೇಡ" ಎಂದು ದಾರಿ ತೋರಿಸುತ್ತಾರೆ. ನಾನು ಬೆಳ್ಳುಳ್ಳಿ ಸುಲಿಯುವ ನೆಪದಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಆ ಗೇಮಿನ ಬಾವಿಕಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಕೂತಿರುವ ಹೆಂಗಸು ಯಾರೆಂದು ನನಗೆ ಮೊದಲ ದಿನವೇ ಗೊತ್ತಾಗಿದೆ. ಆದರೆ ಯಾರೂ ಕೇಳುತ್ತಿಲ್ಲ.