ಡ್ರೈವರ್ ತೆಗೆದು ಹಾಕಿದ ಬಗ್ಗೆ

ಮಕ್ತಲ್‌ನ ನೇಕಾರರ ಗುರುತಿನ ಕಾರ್ಡು ಕಚೇರಿಗೆ ಬಂದ ಹೊಸ ಲ್ಯಾಪ್‌ಟಾಪು ಪೆಟ್ಟಿಗೆಯಿಂದ ಹೊರತೆಗೆದ ಕೂಡಲೇ ಕೆಲಸ ಮಾಡಿತು. ಇದನ್ನು ಕಚೇರಿ ಇಂದಿಗೂ ಒಂದು ಲೋಪವೆಂದೇ ಪರಿಗಣಿಸುತ್ತದೆ.

ಲೋಪ ನಡೆದದ್ದು ಹೀಗೆ. ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸಕ್ಕಿದ್ದ ರಜಿನಿ ಗುಂಡಿ ಒತ್ತಿದಳು. ಪರದೆ ಬೆಳಗಿತು, ವೈಫೈ ಹಿಡಿಯಿತು, ಕ್ಯಾಮೆರಾ ಕಣ್ಣು ಬಿಟ್ಟಿತು. ಎದುರಿನ ಬೆಂಚಿನ ಮೇಲೆ ನಾರಾಯಣಪೇಟೆಯ ಶೇಖಮ್ಮ ಕೂತಿದ್ದಳು. ಕಾರ್ಡಿಲ್ಲದೆ ಡಿಪೋದಲ್ಲಿ ರಿಯಾಯಿತಿ ನೂಲು ಕೊಡುವುದಿಲ್ಲ. ನೂಲಿಲ್ಲದೆ ಅವಳ ಮಗ್ಗ ನಿಂತಿತ್ತು. ಫೋಟೋ ಚಂದ ಬರಲೆಂದು ಮಾರಲು ನೇಯ್ದ ಸೀರೆಯನ್ನೇ ಮಡಿಕೆ ಬಿಚ್ಚಿ ಉಟ್ಟು, ಅದು ಮುದುಡದಂತೆ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ರಜಿನಿ ಫೋಟೋ ತೆಗೆದು ಕಾರ್ಡು ಮುದ್ರಿಸಿದಳು. ಅದು ಇನ್ನೂ ಬೆಚ್ಚಗಿರುವಾಗಲೇ ಸೂಪರಿಂಟೆಂಡೆಂಟ್ ಶಿವಕಾಂತ ಅವರು ಒಳಗೆ ಬಂದರು.

"ಇದಕ್ಕ ಡ್ರೈವರ್ ಯಾರು ಹಾಕಿದ್ರು?"

"ಕಂಪನಿಯವರೇ ಹಾಕಿ ಕಳಿಸಿರ್ತಾರ್ರಿ ಸಾರ್. ಕ್ಯಾಮೆರಾಕ್ಕ, ವೈಫೈಕ್ಕ, ಆವಾಜಿಗೆ ಒಂದೊಂದು ಸಣ್ಣ ಪ್ರೋಗ್ರಾಮ್ ಬೇಕಾಗ್ತೈತಿ, ಅದಕ್ಕೇ ಡ್ರೈವರ್ ಅಂತಾರ. ವಿಂಡೋಸ್ ಹಾಕಿಸಿಕೊಂಡು ಬಂದ ಹೊಸ ಲ್ಯಾಪ್‌ಟಾಪ್‌ನ್ಯಾಗ ಎಲ್ಲಾ ಮೊದಲೇ ಇರ್ತಾವ್ರಿ."

"ಯಾರನ್ನ ಕೇಳಿ ಹಾಕಿದ್ರು?"

ರಜಿನಿ ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರು ತೋರಿಸಿದಳು. ಮಂಜೂರಾತಿಯಲ್ಲಿ ಲ್ಯಾಪ್‌ಟಾಪು ಸರಬರಾಜು ಒಂದು ಕೆಲಸ, ಡ್ರೈವರ್ ಅಳವಡಿಕೆ ಇನ್ನೊಂದು ಕೆಲಸ. ಎರಡನೆಯದು ಟೆಂಡರಿನ ಮೂಲಕ ಗದ್ವಾಲಿನ ಭಾನುಪ್ರಕಾಶನಿಗೆ ಸಂದಿತ್ತು. ಗುತ್ತಿಗೆದಾರ ಬರುವ ಮೊದಲೇ ಕೆಲಸ ಮುಗಿದಿರುವುದು ನಿಯಮಬಾಹಿರ. ಫೋಟೋ ಅನಧಿಕೃತ ಡ್ರೈವರಿನಿಂದ ತೆಗೆದದ್ದೆಂದು ಶೇಖಮ್ಮನ ಕಾರ್ಡು ರದ್ದಾಯಿತು. ಲ್ಯಾಪ್‌ಟಾಪು ಬೀರು ಸೇರಿತು. ಬಾಗಿಲಿಗೆ ಪ್ರಕಟಣೆ ಬಿತ್ತು:

"ಕಚೇರಿಯ ಲ್ಯಾಪ್‌ಟಾಪು ಸುಸ್ಥಿತಿಯಲ್ಲಿರುವ ಕಾರಣ, ಮುಂದಿನ ಆದೇಶದವರೆಗೆ ಕಾರ್ಡು ವಿತರಣೆಯನ್ನು ಸ್ಥಗಿತಗೊಳಿಸಲಾಗಿದೆ. ಸಾರ್ವಜನಿಕರು ಸಹಕರಿಸಬೇಕು."

ಶೇಖಮ್ಮ ಅದನ್ನು ರಜಿನಿಯಿಂದ ಓದಿಸಿಕೊಂಡು, "ಹಂಗಾರ ಅದು ಕೆಟ್ಟಮ್ಯಾಲೆ ಬರ್ಲೇನ್ರಿ?" ಎಂದು ಕೇಳಿದಳು.

"ಕೆಟ್ಟು, ರಿಪೇರಿ ಆದಮ್ಯಾಲೆ ಬಾರಮ್ಮ," ಎಂದರು ಶಿವಕಾಂತ.

ಭಾನುಪ್ರಕಾಶ ಗದ್ವಾಲಿನಿಂದ ಬಂದು ಲ್ಯಾಪ್‌ಟಾಪು ತೆರೆದು ನೋಡಿದ. ಅವನು ವ್ಯವಹಾರ ಬಲ್ಲವನು.

"ಎಲ್ಲಾ ಐತ್ರಿ ಸಾರ್. ಹಾಕೀನಿ ಅಂತ ಬರ್ದುಕೊಡ್ತೀನಿ, ನೀವು ದಸ್ಕತ್ತು ಹಾಕ್ರಿ. ಇಬ್ಬರದೂ ಕೆಲಸ ಮುಗೀತೈತಿ."

ಶಿವಕಾಂತರ ಮುಖ ಕೆಂಪಾಯಿತು. ಅವರು ಸುಳ್ಳಿಗೆ ದಸ್ಕತ್ತು ಹಾಕಿದವರಲ್ಲ. ಬಿಲ್ಲು ಪಾಸಾದ ಮೇಲೆ ಬರುವ ತಮ್ಮ ಪಾಲನ್ನು ಕೂಡ ನಿಜವಾಗಿ ನಡೆದ ಕೆಲಸಕ್ಕೆ ಮಾತ್ರ ತೆಗೆದುಕೊಳ್ಳುತ್ತಿದ್ದರು.

"ನನ್ನ ಕಡೆ ಸುಳ್ಳು ನಡಿಯಂಗಿಲ್ಲ. ಇರೋದನ್ನ ತೆಗಿ, ಆಮ್ಯಾಲೆ ಹಾಕು. ಆವಾಗ ಖರೇನೇ ಹಾಕಿದಂಗ ಆಗ್ತೈತಿ."

"ತೆಗಿಯೋದು ನನ್ನ ಟೆಂಡರಿನ್ಯಾಗ ಇಲ್ಲಲ್ರಿ ಸಾರ್."

ಈ ಮಾತಿನಲ್ಲಿ ನ್ಯಾಯವಿತ್ತು. ತೆಗೆಯಲು ಬೇರೆ ಟೆಂಡರು ಕರೆಯಲಾಯಿತು. ಭಾನುಪ್ರಕಾಶನ ಭಾವಮೈದುನ, ಝೆರಾಕ್ಸ್ ಅಂಗಡಿಯವನ ದರವೇ ಎಲ್ಲಕ್ಕಿಂತ ಕಡಿಮೆ ಇತ್ತು. ಬೇರೆ ಯಾರೂ ದರ ಹಾಕಿರಲಿಲ್ಲ. ಅವನು ಬಂದು ಚಹಾ ಆರುವುದರೊಳಗೆ ಡ್ರೈವರುಗಳನ್ನು ತೆಗೆದ. ಆವಾಜು ಹೋಯಿತು, ವೈಫೈ ಹೋಯಿತು, ಕ್ಯಾಮೆರಾ ಕಣ್ಣು ಮುಚ್ಚಿತು, ಪರದೆಯ ಅಕ್ಷರಗಳು ಉಬ್ಬಿಕೊಂಡವು. ಮೇಲಿನಿಂದ ಬಂದ ತಪಾಸಣಾ ಸಮಿತಿಯವರು ಒಂದೊಂದನ್ನೇ ಪರೀಕ್ಷಿಸಿ, ಯಾವುದೂ ನಡೆಯದಿರುವುದನ್ನು ಕಂಡು ಸಂತೃಪ್ತಿ ದಾಖಲಿಸಿದರು.

ಈ ನಡುವೆ ಶೇಖಮ್ಮ ವಾರವಾರವೂ ಅದೇ ಸೀರೆ ಉಟ್ಟು ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು.

"ಸಾದಾ ಸೀರಿ ಉಟ್ಕೊಂಡು ಬರ್ರಿ ಅಕ್ಕಾ. ಹೆಂಗೂ ಫೋಟೋ ಇಲ್ಲ," ಎಂದಳು ರಜಿನಿ.

"ಸಾದಾ ಸೀರಿ ಉಟ್ಟ ದಿನಾನೇ ತೆಗೀತಾರವ್ವ."

ಕೊನೆಗೆ ನಾರಾಯಣಪೇಟೆಯ ವ್ಯಾಪಾರಿ ಆ ಸೀರೆಯ ಅಂಚು ಸವರಿ ನೋಡಿ, ಇದನ್ನು ಹೊಸದೆಂದು ಮಾರಲಾಗದು ಎಂದು ಹಿಂದಕ್ಕೆ ಕೊಟ್ಟ. "ಹಂಗಾರ ಈ ಸೀರಿ ನಂದಾತು ಬಿಡ್ರಿ," ಎಂದು ಶೇಖಮ್ಮ ಎದ್ದು ಬಂದಳು. ಮನೆಗೆ ಬಂದವಳು ನಿಂತ ಮಗ್ಗದ ಮೇಲಿನ ಧೂಳು ಒರೆಸಿದಳು.

ಇನ್ನು ಹಾಕುವ ಕೆಲಸ. ಡ್ರೈವರ್ ತರಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು, ವೈಫೈಗೆ ಡ್ರೈವರ್ ಬೇಕು. ಪೆನ್‌ಡ್ರೈವಿನಲ್ಲಿ ತರಬಹುದಿತ್ತು; ಆದರೆ ಭದ್ರತೆಯ ದೃಷ್ಟಿಯಿಂದ ಕಚೇರಿಯೊಳಗೆ ಪೆನ್‌ಡ್ರೈವ್ ನಿಷಿದ್ಧ. ಶಿವಕಾಂತರು ಮೇಲಿನವರನ್ನು ವಿಚಾರಿಸಿದರು. ಕಚೇರಿಯ ಹೊರಗೆ ಈ ನಿಯಮ ಅನ್ವಯಿಸುವುದಿಲ್ಲವೆಂದು ಉತ್ತರ ಬಂತು. ಲ್ಯಾಪ್‌ಟಾಪಿನ ಸಮೇತ ಮೇಜನ್ನು ಹೊತ್ತು ರಸ್ತೆ ಬದಿಯ ಬೇವಿನ ಮರದಡಿ ಇಟ್ಟು, ಭಾನುಪ್ರಕಾಶ ತಂದ ಪೆನ್‌ಡ್ರೈವನ್ನು ಸರ್ಕಾರಿ ಗೌರವದೊಂದಿಗೆ ಚುಚ್ಚಲಾಯಿತು.

ರಜಿನಿ ಬಗ್ಗಿ ನೋಡಿದಳು. "ಇವು ಬ್ಯಾರೆ ಮಾಡೆಲ್‌ನವು ಸಾರ್."

"ಟೆಂಡರಿನ್ಯಾಗ ಡ್ರೈವರ್ ಅಂತ ಐತಿ ಅಕ್ಕಾ, ಯಾವ ಮಾಡೆಲ್ ಅಂತ ಇಲ್ಲ," ಎಂದ ಭಾನುಪ್ರಕಾಶ.

ಲ್ಯಾಪ್‌ಟಾಪಿಗೆ ಜೀವ ಬಂತು. ಆವಾಜು ಬಂತು, ವೈಫೈ ಬಂತು. ಕ್ಯಾಮೆರಾ ಮಾತ್ರ ಎಲ್ಲರನ್ನೂ ತಲೆಕೆಳಗಾಗಿ ತೋರಿಸಿತು. ಶೇಖಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಪರದೆಯಲ್ಲಿ ಅವಳ ಸೆರಗು ಮೇಲೂ ತುರುಬು ಕೆಳಗೂ ಇದ್ದವು.

"ಸರಿಯಾದ ಡ್ರೈವರ್ ಕಂಪನಿಯ ವೆಬ್‌ಸೈಟಿನ್ಯಾಗ ಪುಕ್ಕಟೆ ಸಿಗ್ತೈತ್ರಿ ಸಾರ್. ಈಗೇ ಹಾಕ್ತೀನಿ," ಎಂದಳು ರಜಿನಿ.

"ಪುಕ್ಕಟೆ ಸಿಗೋದಕ್ಕ ನಾ ಯಾವ ಬಾಬತ್ತಿನ್ಯಾಗ ಮಂಜೂರಾತಿ ಕೇಳ್ಲಿ?" ಎಂದರು ಶಿವಕಾಂತ. ರಜಿನಿ ಕೈ ಹಿಂದಕ್ಕೆಳೆದುಕೊಂಡಳು.

ಫೋಟೋ ಹಾಗೆಯೇ ಮುದ್ರಣವಾಯಿತು. ಎರಡೂ ಬಿಲ್ಲುಗಳು ಪಾಸಾದವು. ಸುತ್ತೋಲೆ ಹೊರಟಿತು: "ಕಾರ್ಡುದಾರರ ಭಾವಚಿತ್ರವು ತಲೆಕೆಳಗಾಗಿರುವುದು ನಕಲಿ ಕಾರ್ಡುಗಳನ್ನು ತಡೆಗಟ್ಟಲು ಅಳವಡಿಸಿದ ಭದ್ರತಾ ಲಕ್ಷಣವಾಗಿರುತ್ತದೆ."

ನಾರಾಯಣಪೇಟೆಯ ನೂಲಿನ ಡಿಪೋದಲ್ಲಿ ಗುಮಾಸ್ತ ಸಾಯಣ್ಣ ಶೇಖಮ್ಮನ ಕಾರ್ಡನ್ನು ತಿರುಗಿಸಿದ, ಆಮೇಲೆ ತನ್ನ ತಲೆಯನ್ನು ತಿರುಗಿಸಿದ, ಆಮೇಲೆ ನೂಲು ಕೊಟ್ಟ. ಅಂದು ಸಂಜೆ ಅವಳ ಮಗ್ಗ ಮತ್ತೆ ಸದ್ದು ಮಾಡಿತು. ಎರಡನೇ ಸಲ ಅವನು ತಲೆ ತಿರುಗಿಸಲಿಲ್ಲ. ಮಕ್ತಲ್‌ನಿಂದ ಬಂದ ಕಾರ್ಡುಗಳೆಲ್ಲ ಹಾಗೆಯೇ ಇದ್ದವು.

ಒಂದು ದಿನ ವೆಂಕಪ್ಪ ಎಂಬ ನೇಕಾರ ಡಿಪೋಗೆ ಬಂದ. ಗದ್ವಾಲಿನವನು, ಹೆಂಡತಿಯ ಊರೆಂದು ನಾರಾಯಣಪೇಟೆಯಲ್ಲಿ ನೆಲೆಸಿದ್ದ. ಗದ್ವಾಲಿನಲ್ಲಿ ಮಾಡಿಸಿದ ಅವನ ಕಾರ್ಡಿನಲ್ಲಿ ತಲೆ ಮೇಲಿತ್ತು. ಸಾಯಣ್ಣ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಹಿಂದಕ್ಕೆ ಸರಿಸಿದ.

"ಇದು ನಡಿಯಂಗಿಲ್ಲ. ನಕಲಿ ಇದ್ದಂಗೈತಿ."

"ನನ್ನ ಮಾರಿ ನೋಡ್ರಿ, ಫೋಟೋ ನೋಡ್ರಿ. ಎರಡೂ ಒಂದೇ ಐತಿ."

"ಅದಕ್ಕೇ ನನಗ ಅನುಮಾನ."

ಸಾಲಿನಲ್ಲಿ ಹಿಂದೆ ನಿಂತಿದ್ದ ಶೇಖಮ್ಮನಿಗೆ ಅವನ ಮುಖ ನೋಡಿ ಕನಿಕರವಾಯಿತು. ಖಾಲಿ ಕೈಯಲ್ಲಿ ಮನೆಗೆ ಹೋಗುವುದು ಏನೆಂದು ಅವಳಿಗೆ ಗೊತ್ತಿತ್ತು.

"ಮಕ್ತಲ್ಲಿಗೆ ಹೋಗಿ ಸರಿ ಮಾಡಿಸ್ಕೊಂಡು ಬರ್ರಿ ಅಣ್ಣಾ," ಎಂದಳು. "ಈಗ ಲಗೂನ ಮಾಡಿಕೊಡ್ತಾರ."

ವೆಂಕಪ್ಪ ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ.