ಹನ್ನೊಂದು ಹೆಂಗಸರು ಸಾಕಿದ ಎರೆಹುಳುಗಳು

ಬೇರೆಯವರ ವಸ್ತು ನಮ್ಮ ಮನೆಯಲ್ಲಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಇದೂ ಒಂದು ಕಾಯಿಲೆಯೇ ಇರಬೇಕು. ಪಕ್ಕದ ಮನೆಯವರು ಒಮ್ಮೆ ಮದುವೆಗೆ ಹೋಗುವಾಗ ಬೀಗದ ಕೈ ಕೊಟ್ಟು ಹೋಗಿದ್ದರು. ಅವರು ಬರುವವರೆಗೂ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಂಡು, ಸಾಲದೆಂದು ಗಂಟಿನ ಮೇಲೆ ಗಂಟು ಹಾಕಿ, ಕೊನೆಗೆ ಬಿಚ್ಚಲಾಗದೆ ಸೆರಗಿನ ತುದಿಯನ್ನೇ ಕತ್ತರಿಸಿ ಕೈಗಿತ್ತವಳು ನಾನು. ಚಿಂತೆ ಮಾಡಲು ಏನೂ ಇಲ್ಲದ ದಿನ, ಇವತ್ತು ಯಾಕೆ ಏನೂ ಇಲ್ಲ ಎಂದು ನನಗೆ ಚಿಂತೆ ಹತ್ತುತ್ತದೆ ಎನ್ನುತ್ತಾರೆ ನಮ್ಮ ಮನೆಯವರು. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಇಂಥವಳ ವಶಕ್ಕೆ ನಮ್ಮ ಸಂಘದವರು ಜೀವ ಇರುವ ವಸ್ತುವನ್ನು ಒಪ್ಪಿಸಿದರು ಎಂದರೆ, ತಪ್ಪು ಯಾರದೆಂದು ನೀವೇ ಹೇಳಬೇಕು.

ನಮ್ಮದು ಕಡೂರು ತಾಲ್ಲೂಕಿನಲ್ಲಿ ಹಿರೇನಲ್ಲೂರಿನ ಆಚೆ ಒಂದು ಸಣ್ಣ ಊರು. ಒಂದಷ್ಟು ತೆಂಗು, ಉಳಿದದ್ದು ಮಳೆ ನಂಬಿದ ಹೊಲ. ಮಳೆ ಬಂದು ನಿಂತ ಎರಡೇ ದಿನಕ್ಕೆ ನಮ್ಮ ಹೊಲದ ಮಣ್ಣು ಹಪ್ಪಳದ ಹಾಗೆ ಮೇಲೇಳುತ್ತದೆ. ರಾಗಿಯ ಮೊಳಕೆ ಆ ಹಪ್ಪಳವನ್ನು ತಲೆಯಿಂದ ಗುದ್ದಿ ಗುದ್ದಿ ಸೋತು ಒಳಗೇ ಮಲಗಿಬಿಡುತ್ತದೆ. ನಾವು ಮಾತ್ರ ತೆಂಗಿನ ಗರಿ, ಮಟ್ಟೆ, ಕಸಕಡ್ಡಿ ಎಲ್ಲವನ್ನೂ ಬೇಲಿಯ ಪಕ್ಕ ಗುಡ್ಡೆ ಹಾಕಿ ಬೆಂಕಿ ಇಟ್ಟು, ಚೊಕ್ಕಟವಾಯಿತು ಎಂದು ಕೈ ಒರೆಸಿಕೊಳ್ಳುತ್ತಿದ್ದೆವು. ಕಡೂರಿನಿಂದ ಬಂದ ಒಬ್ಬ ಕೃಷಿ ಅಧಿಕಾರಿ ನಮ್ಮ ಹೆಂಗಸರ ಸಂಘದ ಮುಂದೆ ನಿಂತು, "ತಾಯಂದಿರಾ, ನೀವು ಸುಡ್ತಿರೋದು ಕಸ ಅಲ್ಲ, ನಿಮ್ಮ ಹೊಲದ ಊಟ" ಅಂದರು. ನಾವು ಹನ್ನೊಂದು ಜನರೂ ಮುಖ ಮುಖ ನೋಡಿಕೊಂಡೆವು. ಅಷ್ಟು ವರ್ಷದಿಂದ ಹೊಲವನ್ನು ಉಪವಾಸ ಕೆಡವಿದ್ದೆವು ಅನ್ನುವುದು ಯಾವ ಹೆಂಗಸಿಗಾದರೂ ಚುಚ್ಚುವ ಮಾತೇ. ಎರೆಗೊಬ್ಬರ ಮಾಡುವುದೆಂದು ಅಲ್ಲೇ ತೀರ್ಮಾನವಾಯಿತು. ನಮ್ಮ ಹಿತ್ತಿಲಲ್ಲಿ ಹೊಂಗೆ ಮರದ ನೆರಳಿತ್ತು ಎಂಬ ಒಂದೇ ಕಾರಣಕ್ಕೆ ತೊಟ್ಟಿಯನ್ನು ಅಲ್ಲಿ ಕಟ್ಟಿದರು. ಹನ್ನೊಂದು ಮನೆಯಿಂದಲೂ ಸಗಣಿ ಬುಟ್ಟಿಗಳು ತಲೆ ಮೇಲೆ ಬಂದವು.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಭಯ ನಿಮಗೆ ಅರ್ಥವಾಗುವುದಿಲ್ಲ. ಅದರ ಹಿಂದಿನ ವರ್ಷ ಇದೇ ಸಂಘದಿಂದ ಜೇನುಪೆಟ್ಟಿಗೆ ತಂದು ಇಟ್ಟಿದ್ದೆವು. ಎಂಟನೇ ದಿನಕ್ಕೆ ಜೇನು ಒಂದೂ ಉಳಿಯದೆ ಹಾರಿಹೋಗಿತ್ತು. ಅರಳಿಕಟ್ಟೆಯ ಮೇಲೆ ಕೂರುವ ಗಂಡಸರು ಆರು ತಿಂಗಳು ಅದನ್ನೇ ಅಗಿದರು. "ಸಂಘದ ಜೇನು ಮುನಿಸ್ಕೊಂಡು ತವರಿಗೆ ಹೋಯ್ತಂತೆ ಕಣೋ" ಅನ್ನುವುದು, ಆಮೇಲೆ ನಗುವುದು. ಹಾಗಾಗಿ ನಮ್ಮ ಅಧ್ಯಕ್ಷೆ ಜಯಕ್ಕ ಈ ಸಲ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡು ಸರೋಜ, ಇದೂ ಕೆಟ್ರೆ ಸಂಘ ಮುಚ್ಚಿ ಮನೇಲಿ ಕೂತ್ಕೋಬೇಕು. ಇನ್ಯಾರೂ ಒಂದು ಬುಟ್ಟಿ ಸಗಣಿ ತಂದಾಕಲ್ಲ. ನೀನಿದೀಯ ಅಂತ ನಾನು ಧೈರ್ಯವಾಗಿದೀನಿ." ಅವರ ಧೈರ್ಯ ಅಷ್ಟೂ ನನ್ನ ಹತ್ತಿರ ಬಂದು ಚಿಂತೆಯಾಯಿತು.

ಹುಳು ತರಲು ಅಮೃತಾಪುರಕ್ಕೆ ಹೋಗಬೇಕಿತ್ತು. ಅಲ್ಲಿ ಗೌರಕ್ಕ ಎಂಬ ರೈತ ಮಹಿಳೆ ಎಷ್ಟೋ ಕಾಲದಿಂದ ಎರೆಗೊಬ್ಬರ ಮಾಡುತ್ತಿದ್ದಾರೆ. ಸೋಮವಾರ ನಾನೇ ಹೋದೆ. ಹುಳು ಕಂಡರೆ ಮಂಚ ಹತ್ತುತ್ತಿದ್ದವಳು ನಾನು ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಗೌರಕ್ಕ ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಗೊಬ್ಬರದ ಸಮೇತ ಕೆಂಪು ಹುಳುಗಳನ್ನು ತುಂಬಿ, ಮೇಲೆ ಒದ್ದೆ ಗೋಣಿ ಮುಚ್ಚಿ, "ದುಡ್ಡೆಲ್ಲ ಬ್ಯಾಡ ಕಣಮ್ಮ. ಹೆಣ್ಣು ಕೊಟ್ಟಂಗೆ ಕೊಡ್ತಿದೀನಿ, ಚೆನ್ನಾಗಿ ನೋಡ್ಕಳಿ" ಅಂದರು. ದುಡ್ಡು ತೆಗೆದುಕೊಂಡಿದ್ದರೆ ಎಷ್ಟೋ ಹಗುರಾಗಿರುತ್ತಿದ್ದೆ. ಬೀಗತಿಯಾಗಿ ಬಸ್ಸು ಹತ್ತಿದೆ.

ತರೀಕೆರೆಯಲ್ಲಿ ಬಸ್ಸು ಬದಲಿಸಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಿಸಿಲಿಗೆ ಬೆಂದುಬಿಟ್ಟರೆ? ಉಸಿರುಕಟ್ಟಿದರೆ? ಎರೆಹುಳು ಉಸಿರಾಡುವುದು ಎಲ್ಲಿಂದ ಎಂದು ಗೌರಕ್ಕನನ್ನು ಕೇಳಲು ಮರೆತಿದ್ದೆ. ಗೋಣಿ ಎತ್ತಿ ಎತ್ತಿ ಇಣುಕುತ್ತಿದ್ದುದನ್ನು ನೋಡಿ ಕಂಡಕ್ಟರಿಗೆ ಅನುಮಾನ ಬಂತು.

"ಏನಮ್ಮಾ ಅದು ಡಬ್ಬದಲ್ಲಿ?"

"ಎರೆಹುಳು ಕಣಪ್ಪ."

"ಜೀವ ಇದಾವಾ?"

"ಇರ್ಲಿ ಅಂತಲೇ ದೇವ್ರನ್ನ ಬೇಡ್ಕೊಂಡು ಕೂತಿದೀನಿ."

ಪಕ್ಕದಲ್ಲಿದ್ದ ಹೆಂಗಸು ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಎದ್ದು ಹೋಗಿ ಹಿಂದೆ ನಿಂತಳು. ಕಂಡಕ್ಟರ್ ಟಿಕೆಟ್ ಮೆಷಿನ್ ಮೇಲೆ ಬೆರಳಿಟ್ಟು ಮತ್ತೆ ತೆಗೆದ. "ಕೋಳಿಗಾದ್ರೆ ಟಿಕೆಟ್ ಹರೀಬೋದು. ಕೋಳಿ ತಿನ್ನೋದಕ್ಕೆ ಏನ್ ಹರೀಲಿ? ಕಾಲ ಹತ್ರ ಇಟ್ಕಳಿ, ಚೆಲ್ಬೇಡಿ" ಅಂದು ಮುಂದಕ್ಕೆ ಹೋದ. ಕಾಲ ಹತ್ತಿರ ಇಂಜಿನ್ನಿನ ಬಿಸಿ. ನಾನು ಇಡಲಿಲ್ಲ. ಬೀರೂರು ದಾಟಿ ಕಡೂರು ಬರುವವರೆಗೆ ಪ್ರತಿ ಹಂಪಿನಲ್ಲೂ ಡಬ್ಬದ ಜೊತೆ ನಾನೂ ಎದ್ದು, ಡಬ್ಬದ ಜೊತೆ ನಾನೂ ಕೂತೆ.

ಹುಳುಗಳನ್ನು ತೊಟ್ಟಿಗೆ ಬಿಟ್ಟಾಗ ಹನ್ನೊಂದು ಜನರೂ ಸುತ್ತ ನಿಂತಿದ್ದೆವು. ಅವು ಒಂದೊಂದೇ ತಲೆ ತೂರಿಸಿ ಸಗಣಿಯೊಳಗೆ ಮರೆಯಾದವು. ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು. ನನಗೆ ಸಮಾಧಾನ ಎಲ್ಲಿಯದು? ಒಳಗೆ ಹೋದ ಮೇಲೆ ಏನಾದವು? ಒಂದು ಕಡ್ಡಿ ತೆಗೆದುಕೊಂಡು ಮೆಲ್ಲಗೆ ಕೆದಕಿ ನೋಡಿದೆ. ಇದ್ದವು. ಕಾಫಿ ಕುಡಿದು ಬಂದು ಮತ್ತೆ ಕೆದಕಿದೆ. ಇದ್ದವು. ಒಣಗಿದಂತೆ ಕಂಡಿತೆಂದು ಒಂದು ಬಿಂದಿಗೆ ನೀರು ಹೊಯ್ದೆ. ಹೆಚ್ಚಾಯಿತೇನೋ ಎಂದು ಹೀರಿಕೊಳ್ಳಲು ಒಣಗಿದ ಗರಿಚೂರು ಹಾಕಿದೆ. ನಮ್ಮ ಅತ್ತೆ ಹಿತ್ತಿಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಅವರಿಗೆ ಸಂಘವೂ ಬೇಕಿಲ್ಲ, ಹುಳುವೂ ಬೇಕಿಲ್ಲ. "ಲೇ ಸರೋಜಿ, ಹೆಸರುಬೇಳೆ ಪಾಯಸ ಅಲ್ಲ ಕಣೇ ಅದು. ತಳ ಹಿಡಿಯಲ್ಲ, ಬಿಡು" ಅಂದರು. ನಾನು ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ಬಾಗಿಲು ತೆಗೆದರೆ ತೊಟ್ಟಿಯ ಗೋಡೆ ಅಲ್ಲಾಡುತ್ತಿತ್ತು. ಕಣ್ಣುಜ್ಜಿಕೊಂಡು ನೋಡಿದೆ. ಗೋಡೆಯಲ್ಲ, ಹುಳುಗಳು. ನೂರಾರು ಹುಳುಗಳು ಗೋಡೆ ಹತ್ತಿ, ಅಂಚು ದಾಟಿ, ಆಚೆ ಇಳಿದು ನೆಲದ ಮೇಲೆ ದಿಕ್ಕಿಗೊಂದರಂತೆ ಹೊರಟಿದ್ದವು. ಕೆಳಗೆ ಪಕ್ಕದ ಮನೆ ಲಕ್ಕಮ್ಮನ ನಾಲ್ಕು ಕೋಳಿಗಳು ಬೀಗರೂಟಕ್ಕೆ ಕೂತವರ ಹಾಗೆ ತಲೆಯೆತ್ತದೆ ತಿನ್ನುತ್ತಿದ್ದವು. ನನ್ನ ಬಾಯಿಂದ ಹೊರಟ ಸದ್ದಿಗೆ ನಮ್ಮ ಮನೆಯವರು ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿಬಂದರು. ಕೋಳಿ ಓಡಿಸಿ, ನೆಲಕ್ಕೆ ಮಂಡಿಯೂರಿ, ಎರಡೂ ಕೈಯಿಂದ ಹುಳುಗಳನ್ನು ಬಾಚಿ ಬಾಚಿ ಸೀರೆಯ ಮಡಿಲಿಗೆ ಹಾಕಿಕೊಂಡೆ. ಹೆದರಿಕೆಯ ನೆನಪೇ ಆಗಲಿಲ್ಲ. ಮಡಿಲಲ್ಲಿ ಅವು ತಣ್ಣಗೆ ಮಿಸುಕುತ್ತಿದ್ದವು, ನಾನು ಅಳುತ್ತಿದ್ದೆ. ಇವರು ಬಾಯಿಯ ನೊರೆ ಉಗಿದು, "ಇವೂ ತವರಿಗೆ ಹೊರಟ್ವಾ?" ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರತ್ತ ಅವತ್ತಿನಷ್ಟು ಹತ್ತಿರದಿಂದ ನಾನು ಕಣ್ಣು ಕೆಕ್ಕರಿಸಿದ್ದಿಲ್ಲ.

ಗೌರಕ್ಕನಿಗೆ ಫೋನ್ ಮಾಡಿದೆ. ಆಕೆ ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡಿದ್ದೆ. ಆಕೆ ಕೇಳಿದ್ದು ಒಂದೇ: "ಸಗಣಿ ಹಳೇದೋ ಹೊಸದೋ?"

"ಹೊಸದು ಗೌರಕ್ಕ. ಎಲ್ರೂ ಬೆಳಿಗ್ಗೆ ಬೆಳಿಗ್ಗೆ ತಾಜಾ ತಂದಿದ್ರು."

"ಅಯ್ಯೋ ನಿಮ್ಮ! ಹಸಿ ಸಗಣಿ ಒಳಗೊಳಗೇ ಕಾಯ್ತದೆ ಕಣಮ್ಮ. ಕೈ ಹಾಕಿ ನೋಡು, ಒಲೆ ಇದ್ದಂಗಿರ್ತದೆ. ಅವೇನು ಮಾಡ್ತಾವೆ, ಓಡ್ಬಂದವೆ. ಉಳಿದಿರೋದ್ನ ತಣ್ಣಗಿರೋ ಹಳೇ ಗೊಬ್ಬರಕ್ಕೆ ಹಾಕಿ, ಕತ್ತಲು ಮಾಡಿ. ಆಮೇಲೆ ಕೈ ಹಾಕ್ಬೇಡಿ."

ಅತ್ತೆ ಅಷ್ಟರಲ್ಲಾಗಲೇ ತಿಪ್ಪೆಯ ತಳದಿಂದ ಹಳೆಯ ಗೊಬ್ಬರವನ್ನು ಒಂದು ಒಡಕು ಬಕೆಟ್ಟಿಗೆ ತುಂಬಿ ತಂದಿದ್ದರು. ಉಳಿದಿದ್ದು ಎರಡು ಬೊಗಸೆ ಹುಳು. ಬಕೆಟ್ಟಿಗೆ ಬಿಟ್ಟು, ಗೋಣಿ ಮುಚ್ಚಿ, ಬಚ್ಚಲ ಹಿಂದಿನ ಮೂಲೆಯಲ್ಲಿಟ್ಟು, "ಇದು ನನ್ನ ಬಕೆಟ್ಟು. ಮುಟ್ಟಿದ್ರೆ ನೋಡು" ಅಂದು ಹೋದರು.

ಶನಿವಾರ ಸಂಘದ ಸಭೆ. ಎರಡು ದಿನ ನಾನು ಮಾಡಿದ ನಾಟಕ ಹೇಳಲು ನಾಚಿಕೆಯಾಗುತ್ತದೆ. ದಾರಿಯಲ್ಲಿ ಯಾರಾದರೂ "ಹುಳ ಹೆಂಗವೆ?" ಎಂದರೆ, "ಒಳಗವೆ" ಎನ್ನುತ್ತಿದ್ದೆ. ಯಾವುದರ ಒಳಗೆ ಎಂದು ಹೇಳುತ್ತಿರಲಿಲ್ಲ, ಕೋಳಿಯ ಒಳಗಿದ್ದರೂ ಒಳಗೇ ತಾನೆ. ಹೊಟ್ಟೆನೋವು ಎಂದು ಸಭೆ ತಪ್ಪಿಸಲೇ ಎಂದುಕೊಂಡೆ. ಆದರೆ ಸಭೆ ನಮ್ಮ ಜಗುಲಿಯ ಮೇಲೇ ಇತ್ತು. ಬಂದು ಕೂತ ಹತ್ತು ಮುಖಗಳನ್ನೂ ನೋಡಿದೆ. ಸಗಣಿ ಬುಟ್ಟಿ ಹೊತ್ತು ಬಂದಿದ್ದು ಇವರೇ. ಕಟ್ಟೆಯ ಮಾತುಗಳನ್ನು ನುಂಗಬೇಕಾದದ್ದೂ ಇವರೇ. "ಹುಳ ಹೋದವು ಜಯಕ್ಕ. ಮುಕ್ಕಾಲು ಪಾಲು ಹೋದವು. ನಾನೇ ಕೆದಕಿ ಕೆದಕಿ, ನೀರು ಹೊಯ್ದು ಕೊಂದ್ಬಿಟ್ಟೆ" ಅಂದೆ.

ಜಯಕ್ಕ ಚಾಪೆಯ ಎಳೆ ಕೀಳುತ್ತಾ ಕೂತರು. ಮೂಲೆಯಿಂದ ರತ್ನಮ್ಮ ಸಣ್ಣ ದನಿಯಲ್ಲಿ ಅಂದಳು: "ನೀನೊಬ್ಳೇ ಅಲ್ಲ ಕಣಕ್ಕ. ಬುಧವಾರ ನೀನು ಹೊಲಕ್ಕೆ ಹೋಗಿದ್ದಾಗ ನಾನೂ ಬಂದಿದ್ದೆ. ಚಳಿ ಆಗ್ತದೇನೋ ಪಾಪ ಅಂತ ಬೆಚ್ಚಗಿರೋ ಗಂಜಿ ಹೊಯ್ದೆ." ಅವಳ ಪಕ್ಕದವಳು, ಹುಳುಗಳಿಗೆ ದೃಷ್ಟಿಯಾಗದಿರಲೆಂದು ತಾನು ಅರಿಶಿನ, ಸುಣ್ಣ ಕದಡಿದ ನೀರನ್ನು ನಿವಾಳಿಸಿ ತೊಟ್ಟಿಗೇ ಸುರಿದೆ ಎಂದಳು. ಇನ್ನೊಬ್ಬಳು ಹುಳಿಮಜ್ಜಿಗೆ ಹಾಕಿದ್ದಳು. ಒಂದೊಂದೇ ಬಾಯಿ ಬಿಡುತ್ತಾ ಬಂತು. ಯಾರೂ ಕೈ ಹಾಕದೆ ಬಿಟ್ಟಿರಲಿಲ್ಲ. ಕೊನೆಗೆ ಜಯಕ್ಕನೇ ಚಾಪೆ ಬಿಟ್ಟು ತಲೆ ಎತ್ತಿದರು. "ಉಪ್ಪಿನಕಾಯಿ ಜಾಡಿ ತೊಳೆದ ನೀರು ನಾನು ಹಾಕಿದ್ದು. ಸಪ್ಪಗೆ ತಿಂದು ತಿಂದು ಅವಕ್ಕೆ ಬೇಜಾರಾಗಿರ್ತದೆ ಅಂತ."

ಲಕ್ಕಮ್ಮ ಮಾತ್ರ ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಿದ್ದಳು. "ಅದಕ್ಕೇ ಅನ್ನು! ನಮ್ಮ ಕೋಳಿ ಎರಡು ದಿನದಿಂದ ಇಷ್ಟು ಗಾತ್ರದ ಮೊಟ್ಟೆ ಇಡ್ತಾವೆ" ಅಂದಳು. ಮೊದಲು ನಕ್ಕಿದ್ದು ಯಾರೋ ಗೊತ್ತಿಲ್ಲ. ಆಮೇಲೆ ಜಗುಲಿಯಲ್ಲಿ ಯಾರೂ ಸುಮ್ಮನಿರಲಿಲ್ಲ. ನಾನು ನಗುತ್ತಾ ಇದ್ದವಳು ಅಳುತ್ತಾ ಇದ್ದೇನೆಂದು ಜಯಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಾಗ ತಿಳಿಯಿತು.

ಸಭೆಯಲ್ಲಿ ಒಮ್ಮತದ ತೀರ್ಮಾನವಾಯಿತು: ಇನ್ನು ಮೇಲೆ ಹುಳುಗಳ ಜವಾಬ್ದಾರಿ ನಮ್ಮ ಅತ್ತೆಯದು, ಯಾಕೆಂದರೆ ಊರಿನಲ್ಲಿ ಅವುಗಳ ಮೇಲೆ ಏನೂ ಪ್ರೀತಿ ಇಲ್ಲದವರು ಅವರೊಬ್ಬರೇ. ಅತ್ತೆ ವಾರಗಟ್ಟಲೆ ಗೋಣಿ ಎತ್ತಲಿಲ್ಲ. ಅದು ಒಣಗಿದಾಗ ಮೇಲೆ ನೀರು ಚಿಮುಕಿಸುವರು, ಎದ್ದು ಹೋಗುವರು, ಅಷ್ಟೇ. ನಾನು ಬಚ್ಚಲಿಗೆ ಹೋಗುವಾಗಲೆಲ್ಲ ಕಣ್ಣು ಮೂಲೆಗೆ ಎಳೆಯುತ್ತಿತ್ತು, ಅತ್ತೆಯ ಕೆಮ್ಮು ಕೇಳಿ ಹಿಂದೆ ಸರಿಯುತ್ತಿದ್ದೆ. ಒಂದು ದಿನ ಅವರೇ ಕರೆದು ಗೋಣಿ ಸರಿಸಿದರು. ದಾರದ ಎಳೆಯಂಥ ಮರಿಗಳು ಬಕೆಟ್ಟಿನ ತುಂಬ. ಅಷ್ಟರಲ್ಲಿ ತೊಟ್ಟಿಯ ಸಗಣಿಯೂ ತಣ್ಣಗಾಗಿತ್ತು. ಅತ್ತೆ ಬಕೆಟ್ಟಿನ ಹುಳುಗಳನ್ನು ಅಲ್ಲಿಗೆ ಬಿಟ್ಟು ಮತ್ತೆ ಗೋಣಿ ಮುಚ್ಚಿದರು. ಮಳೆಗಾಲದ ಹೊತ್ತಿಗೆ ಕಾಫಿಪುಡಿಯಂಥ ಗೊಬ್ಬರ ಕೈಗೆ ಬಂತು. ಹನ್ನೊಂದು ಮನೆಗೂ ಹಂಚಿದರೆ ತಲೆಗೆ ಒಂದೊಂದು ಮಂಕರಿ. ಎಲ್ಲರೂ ಹೊಲದ ಒಂದು ಮೂಲೆಗೆ ಹಾಕಿ ರಾಗಿ ಬಿತ್ತಿದೆವು. ಆ ಮೂಲೆಯ ಮಣ್ಣು ಮಾತ್ರ ಮಳೆ ನಿಂತ ಮೇಲೂ ಹಪ್ಪಳವಾಗಲಿಲ್ಲ. ಮೊಳಕೆ ಸಲೀಸಾಗಿ ಎದ್ದು ನಿಂತಿತು. ಈಗ ಬೇಲಿಯ ಪಕ್ಕ ಯಾರೂ ಗರಿ ಸುಡುವುದಿಲ್ಲ. ಕಟ್ಟೆಯ ಗಂಡಸರಲ್ಲಿ ಇಬ್ಬರು ಹಿತ್ತಿಲ ಕಡೆಯಿಂದ ಬಂದು ಅತ್ತೆಯ ಹತ್ತಿರ ಒಂದು ಬೊಗಸೆ ಹುಳು ಕೇಳಿಕೊಂಡು ಹೋದರು.

ಸುದ್ದಿ ಕೇಳಿದ ಅಧಿಕಾರಿ ಕಡೂರಿನಲ್ಲಿ ಸುತ್ತಲಿನ ಸಂಘಗಳ ಸಭೆ ಮಾಡಿ ಅತ್ತೆಯನ್ನು ಕರೆಸಿ ಮೈಕು ಕೊಟ್ಟರು. ಅತ್ತೆ, "ನಾನೇನೂ ಮಾಡ್ಲಿಲ್ಲ ಕಣಪ್ಪ, ಮಾಡೋರ್ನ ದೂರ ಇಟ್ಟೆ" ಎಂದು ಮೈಕು ವಾಪಸು ಕೊಟ್ಟು ಕೂತುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಆದರೆ ಇಷ್ಟು ಚುಟುಕಾಗಿ ಹೇಳಿದರೆ ಜನ ತಪ್ಪು ತಿಳಿದು ಹುಳುಗಳನ್ನು ಸಾಯಿಸಿಬಿಟ್ಟರೆ ಎಂದು ನನಗೆ ದಿಗಿಲಾಯಿತು. ಎದ್ದು ಹೋಗಿ ಮೈಕು ತೆಗೆದುಕೊಂಡು, ಏನೂ ಮಾಡದೆ ಸುಮ್ಮನಿರುವುದು ಹೇಗೆ ಎಂಬುದನ್ನು ಅರ್ಧ ಗಂಟೆ ವಿವರಿಸಿದೆ. ಯಾರಾದರೂ ಬಂದು ಕೆದಕಿದ್ದಾರೆಯೇ, ಕೋಳಿ ಬಂದಿದೆಯೇ, ಗೋಣಿ ಜರುಗಿದೆಯೇ, ಬಿಸಿಲು ತಿರುಗಿದೆಯೇ, ಇರುವೆ ಹತ್ತಿದೆಯೇ ಎಂದು ಆಗಾಗ ಹೋಗಿ ನೋಡುತ್ತಿರಬೇಕು ಎಂದೆ. ಮುಗಿಸಿದಾಗ ಅಜ್ಜಂಪುರದ ಕಡೆಯ ಒಬ್ಬಾಕೆ, ಬರೆದುಕೊಂಡ ಪುಟಗಳನ್ನು ಹಿಂದೆ ಮುಂದೆ ತಿರುವುತ್ತಾ, ಬಹಳ ಶ್ರದ್ಧೆಯಿಂದ ಎದ್ದು ನಿಂತು ಕೇಳಿದಳು:

"ಅಕ್ಕಾ, ನೀವು ಹೇಳ್ದಂಗೆ ಸುಮ್ನಿರ್ಬೇಕು ಅಂದ್ರೆ ದಿನಕ್ಕೆ ಎಷ್ಟು ಸಲ ತೊಟ್ಟಿ ಹತ್ರ ಹೋಗ್ಬೇಕು?"

ನಾನು ಪ್ರಾಮಾಣಿಕವಾಗಿ ಬೆರಳು ಮಡಚಿ ಎಣಿಸತೊಡಗಿದೆ. ಒಂಬತ್ತಕ್ಕೆ ಬಂದಾಗ ಅತ್ತೆ ಎದ್ದು ಬಂದು, ರಟ್ಟೆ ಹಿಡಿದು ನನ್ನನ್ನು ಕೂರಿಸಿದರು.